ಹಳತಾದದ್ದು ಫೋನೋ, ಬ್ಯಾಟರಿಯೋ?

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಮೊಬೈಲ್ ಅಂಗಡಿಗಳ ಮುಂದೆ ನೀವೂ ಒಮ್ಮೆ ನಿಂತಿರಬಹುದು. ಕಂತು ಕಟ್ಟಿ ಕೊಂಡ ದುಬಾರಿ ಫೋನಿನ ಚಾರ್ಜ್ ಈಗ ಮಧ್ಯಾಹ್ನಕ್ಕೇ ಮುಗಿಯುತ್ತದೆ. 'ಹೊಸದು ಕೊಳ್ಳೋಣ' ಎಂದು ಮಕ್ಕಳ ಹಟ. ಸ್ವಲ್ಪ ತಾಳಿ. ನಿಜವಾಗಿ ಹಳತಾದದ್ದು ಫೋನೇ?

ಇಂತಹ ಫೋನುಗಳಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಬ್ಯಾಟರಿ. ಐಫೋನ್ 14 ಹಾಗೂ ಅದಕ್ಕಿಂತ ಹಿಂದಿನವುಗಳ ಬ್ಯಾಟರಿಯು 500 ಪೂರ್ಣ ಚಾರ್ಜುಗಳ ಬಳಿಕ ಮೂಲ ಸಾಮರ್ಥ್ಯದ ಶೇ. 80ನ್ನು ಉಳಿಸಿಕೊಳ್ಳುವಂತೆ ರೂಪಿಸಲಾಗಿದೆ ಎನ್ನುತ್ತದೆ ಆಪಲ್. 2023ರ ಐಫೋನ್ 15ಕ್ಕೆ ಈ ಲೆಕ್ಕ 1000. ದಿನಕ್ಕೊಂದು ಪೂರ್ಣ ಚಾರ್ಜ್ ಎಂದಾದರೆ 500 ಮುಗಿಯಲು ಒಂದೂವರೆ ವರ್ಷವೂ ಬೇಡ! ಶಾಖವಂತೂ ಬ್ಯಾಟರಿಯ ಶತ್ರು. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರಿನೊಳಗೆ ಫೋನ್ ಬಿಟ್ಟು ಹೋಗಬೇಡಿ. ದಿಂಬಿನಡಿ ಇಟ್ಟು ಚಾರ್ಜ್ ಮಾಡಬೇಡಿ.

ಎರಡನೆಯದು ಕಣ್ಣಿಗೆ ಕಾಣದ ಮುಪ್ಪು. ಕಂಪೆನಿಯು ಭದ್ರತಾ ಅಪ್‌ಡೇಟ್ ನಿಲ್ಲಿಸಿದರೆ ಫೋನ್ ಹೊಳೆಯುತ್ತಿದ್ದರೂ ಕಳ್ಳರಿಗೆ ಬಾಗಿಲು ತೆರೆದಂತೆ. ನಿಮ್ಮ ಬ್ಯಾಂಕ್ ವ್ಯವಹಾರವೂ ಅದರಲ್ಲೇ ಇದೆಯಲ್ಲವೇ? 2023ರ ಗ್ಯಾಲಕ್ಸಿ ಎಸ್23ಕ್ಕೆ ಸ್ಯಾಮ್‌ಸಂಗ್ ಕೊಟ್ಟ ಮಾತು 5 ವರ್ಷ. 2024ರ ಎಸ್24ಕ್ಕೆ 7 ವರ್ಷ, ಅಂದರೆ 2031ರವರೆಗೆ.

ಆದ್ದರಿಂದ ಹೊಸ ಫೋನಿನ ಬೆಲೆ ಕೇಳುವ ಮುನ್ನ ಎರಡು ಪ್ರಶ್ನೆ ಕೇಳಿ: ಅಪ್‌ಡೇಟ್ ಇನ್ನೆಷ್ಟು ವರ್ಷವಿದೆ? ಕಂಪೆನಿಯ ಅಸಲಿ ಬ್ಯಾಟರಿ ಹಾಕಿಸಲು ಎಷ್ಟಾಗುತ್ತದೆ? ಉತ್ತರ ಸಮಾಧಾನಕರವಾಗಿದ್ದರೆ ಬ್ಯಾಟರಿ ಬದಲಿಸಿ ಮನೆಗೆ ಬನ್ನಿ. ಉಳಿದ ಹಣ ಮಕ್ಕಳ ಶಾಲೆಯ ಶುಲ್ಕಕ್ಕಾದೀತು.