ಬಾಂಬಿಗೂ ಮೊದಲು ಬಂದ ನೋಟಿಸುಗಳು

2017ರ ಅಕ್ಟೋಬರ್ 16, ಸೋಮವಾರ. ಮೆಡಿಟರೇನಿಯನ್ ಸಮುದ್ರದ ನಡುವಿನ ಪುಟ್ಟ ದೇಶ ಮಾಲ್ಟಾದ ಬಿಡ್ನಿಯಾ ಎಂಬ ಹಳ್ಳಿ. ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಪತ್ರಕರ್ತೆ ಡ್ಯಾಫ್ನಿ ಕರುವಾನಾ ಗಲಿಟ್ಸಿಯಾ ಮನೆಯಿಂದ ಕಾರಿನಲ್ಲಿ ಹೊರಟರು. ಅವರಿಗೆ 53 ವರ್ಷ. ಸ್ವಲ್ಪ ಹೊತ್ತಿನ ಮೊದಲಷ್ಟೇ ತಮ್ಮ ಜಾಲತಾಣದಲ್ಲಿ ಅಂದಿನ ಬರಹವನ್ನು ಪ್ರಕಟಿಸಿದ್ದರು. ಹೊರಟದ್ದು ಬ್ಯಾಂಕಿಗೆ. ಮಾನನಷ್ಟ ದಾವೆ ಹೂಡಿದ್ದ ಸಚಿವರೊಬ್ಬರ ಕೋರಿಕೆಯ ಮೇರೆಗೆ ನ್ಯಾಯಾಲಯ ಅವರ ಖಾತೆಗಳ ವಹಿವಾಟನ್ನು ತಡೆಹಿಡಿದು ಎಂಟು ತಿಂಗಳಾಗಿತ್ತು. ಕಾರು ಮನೆಯಿಂದ ಕೊಂಚ ದೂರ ಸಾಗುವಷ್ಟರಲ್ಲಿ ಅದರಲ್ಲಿ ಅಡಗಿಸಿಟ್ಟಿದ್ದ ಬಾಂಬು ಸಿಡಿಯಿತು. ಸದ್ದು ಕೇಳಿ ಓಡಿಬಂದ ಮಗ ಕಂಡದ್ದು ಧಗಧಗಿಸುತ್ತಿದ್ದ ಬೆಂಕಿಯನ್ನು.

ಈ ಸುದ್ದಿ ಬಂದಾಗ ನಾವು ಕನ್ನಡಿಗರು ಇನ್ನೂ ನಮ್ಮದೇ ಸೂತಕದಲ್ಲಿದ್ದೆವು. ಅದಕ್ಕೆ 41 ದಿನಗಳ ಹಿಂದೆ, ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಲ್ಲಲಾಗಿತ್ತು. ಎರಡು ಹತ್ಯೆಗಳ ಹಿನ್ನೆಲೆ ಬೇರೆ ಬೇರೆ. ಒಂದನ್ನು ಇನ್ನೊಂದರ ಪಡಿಯಚ್ಚು ಎನ್ನುವುದು ಇಬ್ಬರಿಗೂ ಬಗೆಯುವ ಅನ್ಯಾಯ. ಆದರೆ ಮಾಲ್ಟಾದ ವಿವರಗಳನ್ನು ಓದುತ್ತ ಹೋದಂತೆ ನನ್ನನ್ನು ಬಾಂಬಿಗಿಂತ ಹೆಚ್ಚಾಗಿ ಕಾಡಿದ್ದು ಬ್ಯಾಂಕಿಗೆ ಹೊರಟ ಆ ಪ್ರಯಾಣ. ಬಾಂಬು ಇಟ್ಟವರು ಕಾನೂನನ್ನು ಮುರಿದವರು. ಖಾತೆಗಳಿಗೆ ಬೀಗ ಹಾಕಿದ್ದು ಮಾತ್ರ ಸಾಕ್ಷಾತ್ ಕಾನೂನೇ.

ಮಾಲ್ಟಾ ಸರ್ವಾಧಿಕಾರದ ದೇಶವಲ್ಲ. 316 ಚದರ ಕಿಲೋಮೀಟರ್ ವಿಸ್ತೀರ್ಣದ, ಸುಮಾರು ಐದು ಲಕ್ಷ ಜನಸಂಖ್ಯೆಯ ಈ ದ್ವೀಪರಾಷ್ಟ್ರ 1964ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. 2004ರಲ್ಲಿ ಯುರೋಪಿಯನ್ ಒಕ್ಕೂಟವನ್ನು ಸೇರಿತು. ಅಲ್ಲಿ ಚುನಾವಣೆಗಳು ಕಾಲಕಾಲಕ್ಕೆ ನಡೆಯುತ್ತವೆ. 2017ರ ಚುನಾವಣೆಯಲ್ಲಿ ಶೇ 90ಕ್ಕೂ ಹೆಚ್ಚು ಮತದಾರರು ಮತ ಚಲಾಯಿಸಿದ್ದರು. ಪತ್ರಿಕೆಗಳ ಮೇಲೆ ಸೆನ್ಸಾರ್ ಇರಲಿಲ್ಲ. ಡ್ಯಾಫ್ನಿ ಬರೆದ ಒಂದು ಸಾಲನ್ನೂ ಯಾವ ಅಧಿಕಾರಿಯೂ ಅಳಿಸಿಹಾಕಿರಲಿಲ್ಲ. ಕಾಗದದ ಮೇಲೆ ಹೇಳುವುದಾದರೆ ಅವರು ಪೂರ್ಣ ಸ್ವತಂತ್ರರು.

ಪತ್ರಿಕೆಗಳ ಅಂಕಣಗಾರ್ತಿಯಾಗಿದ್ದ ಅವರು 2008ರಿಂದ ಸ್ವಂತ ಜಾಲತಾಣದಲ್ಲೂ ಬರೆಯತೊಡಗಿದರು. ದೇಶದ ಪ್ರಭಾವಿ ಸಚಿವರೊಬ್ಬರು ಮತ್ತು ಪ್ರಧಾನಿ ಜೋಸೆಫ್ ಮಸ್ಕಾಟ್ ಅವರ ಮುಖ್ಯ ಸಹಾಯಕರು ಪನಾಮಾದಲ್ಲಿ ರಹಸ್ಯ ಕಂಪನಿಗಳನ್ನು ಹೊಂದಿರುವ ಸಂಗತಿಯನ್ನು 2016ರ ಫೆಬ್ರವರಿಯಲ್ಲಿ ಅವರು ಬಯಲಿಗೆಳೆದರು. ಜಗತ್ತನ್ನೇ ಬೆಚ್ಚಿಬೀಳಿಸಿದ ‘ಪನಾಮಾ ಪೇಪರ್ಸ್’ ಹೊರಬಂದದ್ದು ಆನಂತರ, ಏಪ್ರಿಲ್‌ನಲ್ಲಿ. ಅಷ್ಟಕ್ಕೇ ಸುಮ್ಮನಾಗದೆ ದುಬೈನ ಕಂಪನಿಯೊಂದರ ಜಾಡನ್ನೂ ಹಿಡಿದರು. ಅವರ ಬರವಣಿಗೆ ಹರಿತವಾಗಿತ್ತು. ಕೆಲವೊಮ್ಮೆ ವ್ಯಕ್ತಿಗಳ ಖಾಸಗಿ ಬದುಕಿಗೂ ಕೈಹಾಕುತ್ತಿತ್ತು, ನೋಯಿಸುತ್ತಿತ್ತು. ಅದನ್ನು ಒಪ್ಪದವರು ಅವರ ಅಭಿಮಾನಿಗಳಲ್ಲೂ ಇದ್ದರು.

ಇದಕ್ಕೆಲ್ಲ ಬಂದ ಉತ್ತರ ನ್ಯಾಯಾಲಯದ ಸಮನ್ಸು. ಸಾಯುವ ಹೊತ್ತಿಗೆ ಅವರ ಮೇಲಿದ್ದ ಮಾನನಷ್ಟ ಮೊಕದ್ದಮೆಗಳು ನಲವತ್ತಕ್ಕೂ ಹೆಚ್ಚು. ಒಬ್ಬ ಉದ್ಯಮಿ ಹೂಡಿದ್ದವೇ 19. ಮಾಲ್ಟಾದ ಖಾಸಗಿ ಬ್ಯಾಂಕೊಂದು ಅಮೆರಿಕದ ಆರಿಜೋನಾ ರಾಜ್ಯದಲ್ಲಿ ನಾಲ್ಕು ಕೋಟಿ ಡಾಲರ್ ಪರಿಹಾರ ಕೋರಿ ಅವರ ವಿರುದ್ಧ ದಾವೆ ಹೂಡಿತ್ತು. ಹತ್ಯೆಯ ಬಳಿಕ ಅದನ್ನು ಸದ್ದಿಲ್ಲದೆ ಹಿಂಪಡೆಯಿತು. ಮುಂದೆ 2018ರಲ್ಲಿ ಆ ಬ್ಯಾಂಕಿನ ಪರವಾನಗಿಯೇ ರದ್ದಾಯಿತು.

ಇಂಥ ದಾವೆಗಳಿಗೆ ಇಂಗ್ಲಿಷಿನಲ್ಲಿ ‘ಸ್ಲ್ಯಾಪ್’ ಎಂಬ ಹೆಸರಿದೆ. 1980ರ ದಶಕದಲ್ಲಿ ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರು ಇಟ್ಟ ಹೆಸರಿದು. ಕೇಳಿದರೆ ಕಪಾಳಕ್ಕೆ ಬಾರಿಸಿದ ನೆನಪಾಗಬೇಕು, ಹಾಗಿದೆ. ದಾವೆ ಹೂಡಿದವರಿಗೆ ಗೆಲ್ಲುವ ಆಸೆಯೇ ಇರುವುದಿಲ್ಲ. ವಿಚಾರಣೆ ಎಳೆದಷ್ಟೂ ಅವರಿಗೆ ಲಾಭ. ವಕೀಲರ ಶುಲ್ಕ, ವಾಯಿದೆಯಿಂದ ವಾಯಿದೆಗೆ ಅಲೆದಾಟ, ಮನೆಮಂದಿಯ ಆತಂಕ, ಇವೇ ಶಿಕ್ಷೆ. ತೀರ್ಪು ಬರುವ ಮೊದಲೇ ಶಿಕ್ಷೆ ಮುಗಿದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ನೋಡುತ್ತ ನಿಂತ ಇತರ ಪತ್ರಕರ್ತರಿಗೆ ಪಾಠ ತಲುಪಿರುತ್ತದೆ.

ಆ ಪಾಠ ಹೇಗೆ ತಲುಪುತ್ತದೆ ಎಂಬುದನ್ನು ನಾನು ಬಲ್ಲೆ. ಹಲವು ವರ್ಷ ಪತ್ರಿಕಾ ಕಚೇರಿಯೊಂದರ ಸುದ್ದಿ ವಿಭಾಗದಲ್ಲಿ ದುಡಿದವನು ನಾನು. ಕೆರೆಗಳ ಹೂಳೆತ್ತುವ ಕಾಮಗಾರಿಯಲ್ಲಿ ಕೆಲಸ ನಡೆಯದೆಯೇ ಬಿಲ್ಲು ಪಾವತಿಯಾದ ಬಗ್ಗೆ ನಮ್ಮ ಜಿಲ್ಲಾ ವರದಿಗಾರ ಮೂರು ಕಂತುಗಳ ವರದಿ ಕಳುಹಿಸಿದ್ದರು. ಮೊದಲ ಕಂತು ಅಚ್ಚಾದ ವಾರದೊಳಗೆ ವಕೀಲರ ನೋಟಿಸು ಬಂತು. ಬಳಿಕ ಇನ್ನೊಂದು ಜಿಲ್ಲೆಯ ನ್ಯಾಯಾಲಯದಲ್ಲಿ ಖಾಸಗಿ ದೂರು. ಪ್ರತಿ ವಾಯಿದೆಗೂ ಆತ ರಾತ್ರಿ ಬಸ್ಸು ಹಿಡಿದು ಹೋಗಿ ಕಟಕಟೆಯಲ್ಲಿ ನಿಂತು ಬರುತ್ತಿದ್ದರು. ವರದಿಯಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಉಳಿದೆರಡು ಕಂತುಗಳನ್ನು ಪ್ರಕಟಿಸಬೇಡವೆಂದು ಮಾಲೀಕರಾಗಲಿ, ಸಂಪಾದಕರಾಗಲಿ, ಸರ್ಕಾರವಾಗಲಿ ನನಗೆ ಹೇಳಲಿಲ್ಲ. ‘ಸದ್ಯಕ್ಕೆ ಇರಲಿ’ ಎಂದು ಮೇಜಿನ ಖಾನೆಗೆ ಹಾಕಿದವನು ನಾನೇ. ಅವು ಎಂದೂ ಹೊರಗೆ ಬರಲಿಲ್ಲ. ಪತ್ರಿಕಾ ಸ್ವಾತಂತ್ರ್ಯ ಸಾಮಾನ್ಯವಾಗಿ ಸಾಯುವುದು ಹೀಗೆ, ಯಾರೂ ಕೊಲ್ಲದೆ. ಡ್ಯಾಫ್ನಿ ಅವರ ಮೇಲಿದ್ದ ದಾವೆಗಳ ಲೆಕ್ಕ ಓದಿದಾಗ ನನಗೆ ನೆನಪಾದದ್ದು ಆ ಖಾನೆ.

ಬರೆಯುವವರು ಸತ್ತರೂ ಮೊಕದ್ದಮೆಗಳು ಸಾಯಲಿಲ್ಲ. ಮಾಲ್ಟಾದ ಕಾನೂನಿನ ಪ್ರಕಾರ ಹಲವು ಸಿವಿಲ್ ದಾವೆಗಳು ವಾರಸುದಾರರಾದ ಪತಿ ಮತ್ತು ಮಕ್ಕಳ ಹೆಗಲೇರಿದವು. ಇತ್ತ ಶೋಕಿಸುವ ಹಕ್ಕಿಗೂ ಅಡ್ಡಿ ಬಂತು. ರಾಜಧಾನಿ ವಲೆಟ್ಟಾದಲ್ಲಿ ನ್ಯಾಯಾಲಯದ ಎದುರಿಗೆ, 1565ರ ಮಹಾಮುತ್ತಿಗೆಯ ನೆನಪಿಗೆ ನಿಲ್ಲಿಸಿದ ಸ್ಮಾರಕವೊಂದಿದೆ. ಜನ ಅದರ ಪಾದದ ಬಳಿ ಡ್ಯಾಫ್ನಿ ಅವರ ಭಾವಚಿತ್ರವಿರಿಸಿ, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತಿದ್ದರು. ಸರ್ಕಾರದ ಸ್ವಚ್ಛತಾ ಸಿಬ್ಬಂದಿ ಅವನ್ನು ಗುಡಿಸಿ ಒಯ್ಯುತ್ತಿದ್ದರು. ಮರುದಿನ ಜನ ಮತ್ತೆ ಹೂವಿಡುತ್ತಿದ್ದರು. ಈ ಹಗ್ಗಜಗ್ಗಾಟ ಎರಡು ವರ್ಷಕ್ಕೂ ಮಿಕ್ಕಿ ನಡೆಯಿತು. ಕೊನೆಗೆ 2020ರ ಜನವರಿಯಲ್ಲಿ ಮಾಲ್ಟಾದ ನ್ಯಾಯಾಲಯ, ಹೂವು ತೆಗೆಸಿದ ಸಚಿವರ ಕ್ರಮ ನಾಗರಿಕರ ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಎಂದು ತೀರ್ಪಿತ್ತಿತು. ಒಂದು ಹಿಡಿ ಹೂವೂ ಒಂದು ಅಭಿಪ್ರಾಯ ಎಂಬುದನ್ನು ನ್ಯಾಯಾಲಯವೇ ಹೇಳಬೇಕಾಯಿತು.

ಪ್ರಜಾಪ್ರಭುತ್ವದ ಶಕ್ತಿಯನ್ನೂ ಇಲ್ಲಿ ಹೇಳದಿದ್ದರೆ ಮಾತು ಪೂರ್ಣವಾಗದು. 2019ರ ನವೆಂಬರ್‌ನಲ್ಲಿ ಯಾರ್ಗೆನ್ ಫೆನೆಕ್ ಎಂಬ ಆಗರ್ಭ ಶ್ರೀಮಂತನನ್ನು ಪೊಲೀಸರು ಬಂಧಿಸಿದರು. ಡ್ಯಾಫ್ನಿ ಜಾಡು ಹಿಡಿದಿದ್ದ ದುಬೈ ಕಂಪನಿ ಆತನದೇ ಆಗಿತ್ತು. ಹತ್ಯೆಯಲ್ಲಿ ಭಾಗಿಯಾದ ಆರೋಪವನ್ನು ಆತ ಅಲ್ಲಗಳೆದಿದ್ದಾನೆ. ಜನ ಬೀದಿಗಿಳಿದರು. ಪ್ರಧಾನಿ ಮಸ್ಕಾಟ್ ರಾಜೀನಾಮೆ ಘೋಷಿಸಿದರು. ಮೂವರು ನ್ಯಾಯಮೂರ್ತಿಗಳ ಸಾರ್ವಜನಿಕ ವಿಚಾರಣಾ ಮಂಡಳಿ 2021ರ ಜುಲೈನಲ್ಲಿ ವರದಿ ನೀಡಿ, ಏನು ಮಾಡಿದರೂ ನಡೆಯುತ್ತದೆ ಎಂಬ ವಾತಾವರಣವನ್ನು ಬೆಳೆಸಿದ ಪ್ರಭುತ್ವವೇ ಈ ಹತ್ಯೆಯ ಹೊಣೆ ಹೊರಬೇಕು ಎಂದಿತು. 2022ರಲ್ಲಿ ತಪ್ಪೊಪ್ಪಿಕೊಂಡ ಇಬ್ಬರು ಸಹೋದರರಿಗೆ ತಲಾ 40 ವರ್ಷ ಸಜೆಯಾಯಿತು. ಅದಕ್ಕೂ ಮೊದಲೇ, 2018ರಲ್ಲಿ, ಮಾಲ್ಟಾ ಕ್ರಿಮಿನಲ್ ಮಾನಹಾನಿ ಕಾನೂನನ್ನು ರದ್ದುಪಡಿಸಿತ್ತು.

2024ರಲ್ಲಿ ಯುರೋಪಿಯನ್ ಒಕ್ಕೂಟ ‘ಡ್ಯಾಫ್ನಿ ಕಾನೂನು’ ಎಂದೇ ಕರೆಯಲಾಗುವ ನಿರ್ದೇಶನವನ್ನು ಅಂಗೀಕರಿಸಿತು. ಮೇಲ್ನೋಟಕ್ಕೇ ಬುಡವಿಲ್ಲದ ದಾವೆಯನ್ನು ಆರಂಭದಲ್ಲೇ ವಜಾ ಮಾಡುವ, ದುರುದ್ದೇಶದಿಂದ ದಾವೆ ಹೂಡಿದವರಿಂದಲೇ ಖರ್ಚು ವಸೂಲು ಮಾಡುವ, ದಂಡ ವಿಧಿಸುವ ಅವಕಾಶ ಅದರಲ್ಲಿದೆ. ಆದರೆ ಅದು ಅನ್ವಯಿಸುವುದು ದೇಶದ ಗಡಿ ದಾಟಿದ ಆಯಾಮವಿರುವ ಸಿವಿಲ್ ದಾವೆಗಳಿಗೆ ಮಾತ್ರ. ಒಂದೇ ಊರಿನ ಸಚಿವ ಅದೇ ಊರಿನ ಪತ್ರಕರ್ತೆಯ ಮೇಲೆ ಹೂಡುವ ಮೊಕದ್ದಮೆಗೆ ಆಯಾ ದೇಶವೇ ಮದ್ದು ಹುಡುಕಬೇಕು.

ನಮ್ಮಲ್ಲಿ? 2016ರಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ಮಾನಹಾನಿ ಕಾನೂನನ್ನು ಎತ್ತಿಹಿಡಿಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಎರಡು ವರ್ಷದವರೆಗಿನ ಸಜೆಯನ್ನು ಉಳಿಸಿಕೊಂಡು, ಸಮುದಾಯ ಸೇವೆಯನ್ನೂ ಶಿಕ್ಷೆಯ ಪಟ್ಟಿಗೆ ಸೇರಿಸಿದೆ. ಮಾನವೂ ಬದುಕಿನ ಭಾಗವೆಂಬ ನ್ಯಾಯಾಲಯದ ಮಾತನ್ನು ನಾನು ತಳ್ಳಿಹಾಕಲಾರೆ. ಸುಳ್ಳು ಬರೆದು ಮನೆ ಮುರಿದ ಪತ್ರಿಕೆಗಳನ್ನೂ ನಾನು ಕಂಡಿದ್ದೇನೆ. ಅದಕ್ಕೆ ತಿದ್ದುಪಡಿ, ಕ್ಷಮಾಪಣೆ, ನ್ಯಾಯಯುತ ಪರಿಹಾರ ಇರಲಿ. ಜೈಲು ಏಕೆ? ಗೌರಿ ಅವರಿಗೂ ಹತ್ಯೆಗೆ ಸುಮಾರು ಒಂಬತ್ತು ತಿಂಗಳ ಮೊದಲು, 2008ರ ವರದಿಯೊಂದಕ್ಕಾಗಿ ಹುಬ್ಬಳ್ಳಿಯ ನ್ಯಾಯಾಲಯ ಆರು ತಿಂಗಳ ಸಜೆ ವಿಧಿಸಿತ್ತು. ಜಾಮೀನು ದೊರೆತದ್ದರಿಂದ ಅವರು ಹೊರಗಿದ್ದರು.

ಕೊಲೆಯಾದ ಪತ್ರಕರ್ತರ ಅರ್ಧಕ್ಕೇ ನಿಂತ ಕೆಲಸವನ್ನು ಮುಂದುವರಿಸುವ ‘ಫರ್ಬಿಡನ್ ಸ್ಟೋರೀಸ್’ ಎಂಬ ಸಂಸ್ಥೆ ಪ್ಯಾರಿಸ್‌ನಲ್ಲಿದೆ. 2018ರಲ್ಲಿ ಅದು ಹಲವು ದೇಶಗಳ ಪತ್ರಕರ್ತರನ್ನು ಒಗ್ಗೂಡಿಸಿ ಡ್ಯಾಫ್ನಿ ಅವರ ತನಿಖೆಗಳನ್ನು ಮುಂದುವರಿಸಿತು. 2023ರಲ್ಲಿ ಸುಳ್ಳು ಸುದ್ದಿಯ ಜಾಲಗಳನ್ನು ಕುರಿತು ನಡೆಸಿದ ತನಿಖೆಗೆ ಗೌರಿ ಅವರ ಕೆಲಸವೇ ಪ್ರೇರಣೆಯಾಯಿತು. ಇಬ್ಬರೂ ಹೀಗೆ ಒಂದೇ ಕಡೆ ಸೇರಿದರು.

ಸತ್ತವರ ಬರಹಗಳನ್ನು ಪೂರ್ಣಗೊಳಿಸುವುದು ದೊಡ್ಡ ಕೆಲಸ. ಆದರೆ ಬದುಕಿರುವವರ ಬರಹಗಳು ಮೇಜಿನ ಖಾನೆ ಸೇರದಂತೆ ನೋಡಿಕೊಳ್ಳುವ ಕಾನೂನು ನಮಗೆ ಬೇಕಾಗಿದೆ. ಆ ವರದಿಗಾರ ಇಂದು ಪತ್ರಿಕೋದ್ಯಮದಲ್ಲಿಲ್ಲ. ಆತನ ಎರಡನೆಯ ಕಂತಿನ ಮೊದಲ ವಾಕ್ಯ ನನಗೆ ಈಗಲೂ ನೆನಪಿದೆ. ಆ ಕೆರೆಗಳ ಊರಿನವರು ಮಾತ್ರ ಅದನ್ನು ಓದಲೇ ಇಲ್ಲ.