ಕಳ್ಳತನ ಎಚ್ಚರಿಕೆ ಸಾಧನಕ್ಕೆ ಮನೆಯ ದೂರವಾಣಿ ಸಂಪರ್ಕ: ನಾಗರಿಕರಿಗೆ ಮಾಹಿತಿ

ಮದುವೆ, ಜಾತ್ರೆ ಅಥವಾ ತೀರ್ಥಯಾತ್ರೆಗಾಗಿ ಮನೆಗೆ ಬೀಗ ಹಾಕಿ ಪರಸ್ಥಳಕ್ಕೆ ತೆರಳುವ ಕುಟುಂಬಗಳು ಮತ್ತು ಮನೆಯಲ್ಲಿ ಒಂಟಿಯಾಗಿ ವಾಸಿಸುವ ಹಿರಿಯ ನಾಗರಿಕರು ಕಳ್ಳತನ ಎಚ್ಚರಿಕೆ ಸಾಧನವನ್ನು ಅಳವಡಿಸಿಕೊಳ್ಳುವುದು ವಾಡಿಕೆಯಲ್ಲಿದೆ. ಸೈರನ್ನಿನ ಸದ್ದು ಅಕ್ಕಪಕ್ಕದವರಿಗೆ ಮಾತ್ರ ಕೇಳಿಸುತ್ತದೆ. ದೂರದಲ್ಲಿರುವ ಮನೆಯವರಿಗೆ ವಿಷಯ ತಲುಪಬೇಕಾದಲ್ಲಿ ಸಾಧನವು ಸ್ಥಿರ ದೂರವಾಣಿಯ ಮೂಲಕ ತಾನಾಗಿಯೇ ಕರೆ ಮಾಡಬೇಕಾಗುತ್ತದೆ. ಸಂಪರ್ಕವು ಕ್ರಮಬದ್ಧವಾಗಿಲ್ಲದಿದ್ದಲ್ಲಿ ಸೈರನ್ ಮೊಳಗಿದರೂ ಕರೆ ಹೋಗುವುದಿಲ್ಲ. ಈ ಲೋಪವು ಸಾಮಾನ್ಯವಾಗಿ ಕಳ್ಳತನ ನಡೆದ ನಂತರವೇ ಗಮನಕ್ಕೆ ಬರುವುದರಿಂದ, ಈ ಕೆಳಕಂಡ ಅಂಶಗಳನ್ನು ಸಾರ್ವಜನಿಕರ ಮಾಹಿತಿಗಾಗಿ ನೀಡಲಾಗಿದೆ.

1. ಸಾಧನವು ಕಾರ್ಯ ನಿರ್ವಹಿಸುವ ಬಗೆ

ಬಾಗಿಲು ಅಥವಾ ಕಿಟಕಿ ತೆರೆದ ಕೂಡಲೇ ಅಲ್ಲಿ ಅಳವಡಿಸಿರುವ ಸಂವೇದಕವು ಮುಖ್ಯ ಪೆಟ್ಟಿಗೆಗೆ ಸಂಕೇತ ನೀಡುತ್ತದೆ. ಪೆಟ್ಟಿಗೆಯಲ್ಲಿರುವ ಆಟೋ ಡಯಲರ್ ದೂರವಾಣಿ ಮಾರ್ಗವನ್ನು ತೆರೆದು, ಮೊದಲೇ ನಮೂದಿಸಿರುವ ಸಂಖ್ಯೆಗಳಿಗೆ ಒಂದಾದ ಮೇಲೊಂದರಂತೆ ಕರೆ ಮಾಡಿ, ಧ್ವನಿಮುದ್ರಿತ ಸಂದೇಶವನ್ನು ಕೇಳಿಸುತ್ತದೆ.

2. ಸಂಪರ್ಕವನ್ನು ಎಲ್ಲಿ ನೀಡಬೇಕು?

ಬಹುತೇಕ ಲೋಪಗಳಿಗೆ ಮೂಲ ಇದೇ ಆಗಿದೆ. ಮನೆಯಲ್ಲಿರುವ ಇತರೆ ಫೋನುಗಳಂತೆಯೇ ಸಾಧನವನ್ನೂ ಪ್ಯಾರಲಲ್ ಆಗಿ ಜೋಡಿಸಿದಲ್ಲಿ, ಯಾವುದಾದರೂ ಒಂದು ಫೋನಿನ ರಿಸೀವರ್ ಕೆಳಗಿಟ್ಟಿದ್ದರೂ ಮಾರ್ಗವು ಕಾರ್ಯನಿರತವಾಗಿರುತ್ತದೆ ಹಾಗೂ ಸಾಧನಕ್ಕೆ ಡಯಲ್ ಟೋನ್ ದೊರೆಯುವುದಿಲ್ಲ. ಒಳನುಗ್ಗಿದವನು ಹಜಾರದಲ್ಲಿರುವ ರಿಸೀವರನ್ನು ಎತ್ತಿಟ್ಟರೆ ಸಾಕು, ಕರೆ ತಪ್ಪಿಹೋಗುತ್ತದೆ.

ಆದ್ದರಿಂದ ಹೊರಗಿನಿಂದ ಬರುವ ತಂತಿಯು ರೊಸೆಟ್ ಪೆಟ್ಟಿಗೆಯಿಂದ ಮೊದಲು ಎಚ್ಚರಿಕೆ ಸಾಧನಕ್ಕೆ ಬಂದು, ಅಲ್ಲಿಂದ ಮುಂದಕ್ಕೆ ಮನೆಯ ಎಲ್ಲ ಫೋನುಗಳಿಗೆ ಹೋಗತಕ್ಕದ್ದು. ಹೀಗಿದ್ದಲ್ಲಿ ಎಚ್ಚರಿಕೆಯ ಸಮಯದಲ್ಲಿ ಸಾಧನದ ರಿಲೇ ಮನೆಯ ಫೋನುಗಳನ್ನು ಮಾರ್ಗದಿಂದ ಬೇರ್ಪಡಿಸಿ, ಮಾರ್ಗವನ್ನು ತನ್ನ ವಶಕ್ಕೆ ಪಡೆಯುತ್ತದೆ. ಖರೀದಿಸುವಾಗ ಒಳಬರುವ ತಂತಿಗೆ ಒಂದು ಹಾಗೂ ಫೋನುಗಳಿಗೆ ಇನ್ನೊಂದು, ಹೀಗೆ ಎರಡು ಪ್ರತ್ಯೇಕ ಜಾಗಗಳಿರುವುದನ್ನೂ, ಮಾರ್ಗವನ್ನು ವಶಕ್ಕೆ ಪಡೆಯುವ ಸೌಲಭ್ಯವಿರುವುದನ್ನೂ ಖಚಿತಪಡಿಸಿಕೊಳ್ಳತಕ್ಕದ್ದು.

3. ಬ್ರಾಡ್‌ಬ್ಯಾಂಡ್ ಇದ್ದಲ್ಲಿ

ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಇರುವ ಮನೆಗಳಲ್ಲಿ ಮೊದಲು ಸ್ಪ್ಲಿಟರ್ ಇರತಕ್ಕದ್ದು. ಅದರ ಒಂದು ಕವಲು ನೇರವಾಗಿ ಮೋಡೆಮ್‌ಗೂ, ಇನ್ನೊಂದು ಕವಲು ಎಚ್ಚರಿಕೆ ಸಾಧನಕ್ಕೂ, ಅಲ್ಲಿಂದ ಫೋನುಗಳಿಗೂ ಹೋಗಬೇಕು.

ತಾಮ್ರದ ತಂತಿಗೆ ದೂರವಾಣಿ ಕೇಂದ್ರದ ಬ್ಯಾಟರಿಯಿಂದ ಸುಮಾರು 48 ವೋಲ್ಟ್ ವಿದ್ಯುತ್ ಪೂರೈಕೆಯಾಗುವುದರಿಂದ, ಮನೆಯಲ್ಲಿ ವಿದ್ಯುತ್ ಕಡಿತವಾದರೂ ಮಾರ್ಗವು ಜೀವಂತವಾಗಿರುತ್ತದೆ. ಫೈಬರ್ ಸಂಪರ್ಕದಲ್ಲಿ ಈ ಅನುಕೂಲವಿಲ್ಲ. ಮನೆಯಲ್ಲಿರುವ ಫೈಬರ್ ಮೋಡೆಮ್ ಆರಿದೊಡನೆ ದೂರವಾಣಿಯೂ ನಿಲ್ಲುತ್ತದೆ. ಆದುದರಿಂದ ಫೈಬರ್ ಚಂದಾದಾರರು ಎಚ್ಚರಿಕೆ ಸಾಧನಕ್ಕೆ ಮಾತ್ರವಲ್ಲದೆ ಮೋಡೆಮ್‌ಗೂ ಯು.ಪಿ.ಎಸ್. ಅಥವಾ ಬ್ಯಾಟರಿ ವ್ಯವಸ್ಥೆ ಮಾಡಿಕೊಳ್ಳುವುದು ಅವಶ್ಯ.

4. ಯಾವ ಸಂಖ್ಯೆಗಳನ್ನು ನಮೂದಿಸಬೇಕು?

(ಅ) ಸ್ಥಿರ ದೂರವಾಣಿಯಿಂದ ಮೊಬೈಲ್‌ಗೆ ಕರೆ ಮಾಡುವಾಗ, ಒಂದೇ ಊರಿನೊಳಗಿನ ಕರೆಯಾಗಿದ್ದರೂ, ಹತ್ತು ಅಂಕಿಗಳ ಹಿಂದೆ 0 ಸೇರಿಸುವುದು ದಿನಾಂಕ 15-01-2021 ರಿಂದ ಕಡ್ಡಾಯವಾಗಿದೆ. ಅದಕ್ಕೂ ಮೊದಲು ಅಳವಡಿಸಿದ ಸಾಧನಗಳಲ್ಲಿ 0 ಇಲ್ಲದೆ ನಮೂದಿಸಿರುವ ಸಂಖ್ಯೆಗಳನ್ನು ಇನ್ನೂ ತಿದ್ದದಿದ್ದಲ್ಲಿ ಕೂಡಲೇ ಸರಿಪಡಿಸಿಕೊಳ್ಳತಕ್ಕದ್ದು.

(ಆ) ಮೊದಲ ಸಂಖ್ಯೆಯು ಹತ್ತಿರದಲ್ಲಿರುವ ನೆರೆಯವರದ್ದು ಅಥವಾ ಬಂಧುಗಳದ್ದಾಗಿರಲಿ. ಮಗ ಅಥವಾ ಮಗಳು ದೂರದ ನಗರದಲ್ಲಿದ್ದಲ್ಲಿ ಅವರ ಸಂಖ್ಯೆಯನ್ನು ನಂತರ ಸೇರಿಸಬಹುದು. ಸಂಖ್ಯೆ ನೀಡುವ ಮುನ್ನ ಅವರ ಒಪ್ಪಿಗೆ ಪಡೆಯುವುದು ಸೂಕ್ತ.

(ಇ) ತುರ್ತು ಸೇವೆಯ 112 ಸಂಖ್ಯೆಯನ್ನು ನಮೂದಿಸಬಾರದು. ಬೆಕ್ಕು ಓಡಾಡಿದರೂ, ಗಾಳಿಗೆ ಕಿಟಕಿ ಬಡಿದುಕೊಂಡರೂ ಸಾಧನವು ಕರೆ ಮಾಡಬಹುದು. ಇಂತಹ ಕರೆಗಳಿಂದ ನಿಜವಾಗಿ ಸಂಕಷ್ಟದಲ್ಲಿರುವವರ ಕರೆಗೆ ಅಡ್ಡಿಯಾಗುತ್ತದೆ. ಸಂದೇಶ ಪಡೆದವರು ವಿಷಯವನ್ನು ತಿಳಿದುಕೊಂಡು ತಾವೇ 112 ಕ್ಕೆ ಕರೆ ಮಾಡತಕ್ಕದ್ದು. ಒಬ್ಬರೇ ಮನೆಯೊಳಗೆ ಪ್ರವೇಶಿಸುವ ಸಾಹಸ ಮಾಡಬಾರದು.

(ಈ) ಸಂದೇಶದಲ್ಲಿ ಮನೆಯ ಯಜಮಾನರ ಹೆಸರು, ಮನೆ ಸಂಖ್ಯೆ, ಅಡ್ಡರಸ್ತೆ ಹಾಗೂ ಬಡಾವಣೆಯನ್ನು ನಿಧಾನವಾಗಿ ಹೇಳಿ, ಅದನ್ನೇ ಎರಡು ಬಾರಿ ಮುದ್ರಿಸತಕ್ಕದ್ದು.

5. ಹೊರಹೋಗುವ ಕರೆಗೆ ತಡೆ ಇದ್ದಲ್ಲಿ

ದೂರವಾಣಿಯ ದುರುಪಯೋಗ ತಪ್ಪಿಸಲು ಊರಿಗೆ ಹೊರಡುವ ಮುನ್ನ ಹೊರಹೋಗುವ ಕರೆಗಳಿಗೆ ಲಾಕ್ ಹಾಕುವ ಅಭ್ಯಾಸ ಕೆಲವರಲ್ಲಿದೆ. ಹಾಗೆ ಮಾಡಿದಲ್ಲಿ ಎಚ್ಚರಿಕೆ ಸಾಧನದ ಕರೆಗೂ ತಡೆಯುಂಟಾಗುತ್ತದೆ. ಬಿಲ್ಲು ಬಾಕಿಯಿಂದ ಹೊರಹೋಗುವ ಕರೆ ಸ್ಥಗಿತಗೊಂಡಾಗಲೂ ಪರಿಣಾಮ ಇದೇ ಆಗಿರುತ್ತದೆ. ದೀರ್ಘಕಾಲ ಪರಸ್ಥಳಕ್ಕೆ ತೆರಳುವವರು ಬಿಲ್ಲನ್ನು ಮುಂಚಿತವಾಗಿ ಪಾವತಿಸಿ ಹೊರಡುವುದು ಒಳಿತು.

6. ತಂತಿ ತುಂಡಾದಲ್ಲಿ

ಗೋಡೆಯ ಮೇಲೆ ಕೈಗೆಟಕುವಂತೆ ಇಳಿದು ಬಂದಿರುವ ತಂತಿಯನ್ನು ಕತ್ತರಿಸುವುದು ಸುಲಭ. ತಂತಿಯು ಎತ್ತರದಲ್ಲಿ ಅಥವಾ ಕೊಳವೆಯೊಳಗೆ ಮನೆ ಪ್ರವೇಶಿಸುವಂತಿರಬೇಕು. ಮಾರ್ಗದ ವಿದ್ಯುತ್ ಒತ್ತಡವನ್ನು ಗಮನಿಸುತ್ತಿದ್ದು, ಅದು ಇಲ್ಲವಾದಾಗ ಸೈರನ್ ಮೊಳಗಿಸುವ ಸಾಧನಗಳು ಲಭ್ಯವಿವೆ. ಸಿಮ್ ಕಾರ್ಡ್ ಮೂಲಕವೂ ಕರೆ ಮಾಡಬಲ್ಲ ಸಾಧನವಿದ್ದಲ್ಲಿ ಎರಡನೆಯ ದಾರಿಯೊಂದು ಇದ್ದಂತಾಗುತ್ತದೆ.

7. ಅರ್ಜಿ ಸಲ್ಲಿಸುವ ಬಗ್ಗೆ

ರೊಸೆಟ್ ಪೆಟ್ಟಿಗೆಯವರೆಗಿನ ಹೊರತಂತಿಯನ್ನು ಚಂದಾದಾರರಾಗಲಿ, ಸಾಧನ ಅಳವಡಿಸುವವರಾಗಲಿ ಕತ್ತರಿಸಬಾರದು. ತಂತಿಯ ಪ್ರವೇಶ ಸ್ಥಳವನ್ನು ಬದಲಾಯಿಸಬೇಕಾದಲ್ಲಿ, ದೂರವಾಣಿ ಸಂಖ್ಯೆ, ಚಂದಾದಾರರ ಹೆಸರು, ವಿಳಾಸ ಹಾಗೂ ಕಾರಣವನ್ನು ನಮೂದಿಸಿ ಸಂಬಂಧಪಟ್ಟ ದೂರವಾಣಿ ಸಂಸ್ಥೆಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.

8. ತಿಂಗಳಿಗೊಮ್ಮೆ ಪರೀಕ್ಷೆ

ನೆರೆಯವರಿಗೂ ಸಂದೇಶ ಪಡೆಯುವವರಿಗೂ ಮುಂಚಿತವಾಗಿ ತಿಳಿಸಿ, ಈ ಕೆಳಕಂಡ ಮೂರು ಪರೀಕ್ಷೆಗಳನ್ನು ನಡೆಸತಕ್ಕದ್ದು.

(1) ಮನೆಯ ಒಂದು ಫೋನಿನ ರಿಸೀವರ್ ಕೆಳಗಿಟ್ಟು, ಸಾಧನವನ್ನು ಚಾಲನೆಗೊಳಿಸಿ ಬಾಗಿಲು ತೆರೆಯುವುದು. ಕರೆ ಹೋಗಲೇಬೇಕು. ಹೋಗದಿದ್ದಲ್ಲಿ ಸಂಪರ್ಕವು ಕಲಂ 2 ರಂತೆ ಇರುವುದಿಲ್ಲ ಎಂದು ತಿಳಿಯತಕ್ಕದ್ದು.
(2) ಮನೆಯ ಮುಖ್ಯ ಸ್ವಿಚ್ ಆರಿಸಿ, ಇದೇ ಪರೀಕ್ಷೆಯನ್ನು ಪುನಃ ನಡೆಸುವುದು.
(3) ದೂರವಾಣಿ ತಂತಿಯನ್ನು ಸಾಧನದಿಂದ ಕಳಚಿ, ದೋಷ ಸೂಚಕ ದೀಪ ಅಥವಾ ಸೈರನ್ ಕಾರ್ಯ ನಿರ್ವಹಿಸುವುದೇ ಎಂದು ನೋಡಿ, ತಂತಿಯನ್ನು ಮರಳಿ ಜೋಡಿಸುವುದು.

ಸಾಧನಕ್ಕೆ ಹಣ ಪಾವತಿಸುವ ಮುನ್ನವೇ ಈ ಪರೀಕ್ಷೆಗಳನ್ನು ಅಳವಡಿಸಿದವರ ಸಮಕ್ಷಮದಲ್ಲಿ ನಡೆಸಿ, ಫಲಿತಾಂಶವನ್ನು ರಶೀದಿಯಲ್ಲಿ ಬರೆಯಿಸಿಕೊಳ್ಳಬೇಕೆಂದು ಹಾಗೂ ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.