ಹೊಗೆಸೊಪ್ಪಿನ ಎಲೆಯಲ್ಲಿ ಆರ್.ಎನ್.ಎ. ಪಾಠ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯ ಹೊಗೆಸೊಪ್ಪಿನ ಹೊಲಗಳಲ್ಲಿ ಕೆಲವು ಗಿಡಗಳ ಎಲೆ ಕಡುಹಸಿರು, ತಿಳಿಹಸಿರು ಮಚ್ಚೆಗಳಾಗಿ ಮುದುರುವುದುಂಟು. ಇದು ಮೊಸಾಯಿಕ್ ರೋಗ. ಇದನ್ನು ತರುವ ವೈರಸ್ಸಿನಲ್ಲಿ ಡಿ.ಎನ್.ಎ. ಎಂಬುದೇ ಇಲ್ಲ! ಪಠ್ಯದ ಕೋಷ್ಟಕವನ್ನು ಬಾಯಿಪಾಠ ಮಾಡುವುದಕ್ಕಿಂತ ವಿದ್ಯಾರ್ಥಿಗಳು ಈ ಎಲೆಯನ್ನು ನೋಡುವುದು ಮೇಲು.

ಗಿಡದ ವಂಶವಾಹಿ ಮಾಹಿತಿ ಇರುವುದು ಡಿ.ಎನ್.ಎ.ಯಲ್ಲಿ. ಅದು ತಿರುಚಿದ ಏಣಿಯಂಥ ಜೋಡಿ ಎಳೆ. ಆರ್.ಎನ್.ಎ. ಸಾಮಾನ್ಯವಾಗಿ ಒಂಟಿ ಎಳೆ. ಡಿಆಕ್ಸಿರೈಬೋಸ್ ಬದಲು ರೈಬೋಸ್ ಸಕ್ಕರೆ, ಥೈಮಿನ್ ಬದಲು ಯುರಾಸಿಲ್. ರೈಬೋಸಿನಲ್ಲಿರುವ ಒಂದೇ ಒಂದು ಹೆಚ್ಚಿನ ಆಮ್ಲಜನಕ ಪರಮಾಣುವಿನಿಂದಾಗಿ ಆರ್.ಎನ್.ಎ. ಬೇಗ ಒಡೆಯುತ್ತದೆ. ಡಿ.ಎನ್.ಎ. ತಾಲ್ಲೂಕು ಕಚೇರಿಯ ಮೂಲ ದಾಖಲೆಯಾದರೆ, ಆರ್.ಎನ್.ಎ. ಕೆಲಸಕ್ಕೆಂದು ತೆಗೆದ ನಕಲು. ರೈಬೋಸೋಮುಗಳು ಆ ನಕಲನ್ನು ಓದಿ ಪ್ರೋಟೀನು ಕಟ್ಟುತ್ತವೆ.

ಬರೀ ನಕಲಿನಿಂದ ವಂಶ ಬೆಳೆದೀತೆ? 1956ರಲ್ಲಿ ಜರ್ಮನಿಯ ಗೀರರ್ ಮತ್ತು ಶ್ರಾಮ್, ಅಮೆರಿಕದಲ್ಲಿ ಫ್ರೆಂಕೆಲ್-ಕೊನ್‌ರಾಟ್ ಈ ವೈರಸ್ಸಿನ ಪ್ರೋಟೀನು ಕವಚ ಕಳಚಿ, ಆರ್.ಎನ್.ಎ.ಯನ್ನಷ್ಟೇ ಎಲೆಗೆ ಸವರಿ ನೋಡಿದರು. ರೋಗ ಬಂತು! ಬರಿಯ ಪ್ರೋಟೀನಿನಿಂದ ಬರಲಿಲ್ಲ. ಸುಮಾರು 6,400 ಅಕ್ಷರಗಳ ಆ ಎಳೆಯನ್ನು ಗಿಡದ ರೈಬೋಸೋಮುಗಳು ಮನೆಯ ಆದೇಶವೆಂದೇ ಓದಿ ವೈರಸ್ಸಿನ ಪ್ರೋಟೀನು ತಯಾರಿಸುತ್ತವೆ. ಅದರಲ್ಲಿ ಒಂದು ಪ್ರೋಟೀನು ಆರ್.ಎನ್.ಎ.ಯ ಪ್ರತಿಗಳನ್ನು ಮಾಡುತ್ತದೆ.

ಬಿಡಿ ಆರ್.ಎನ್.ಎ. ನಾಜೂಕು. ಆದರೆ 2,130 ಪ್ರೋಟೀನು ತುಣುಕುಗಳ ಕವಚದೊಳಗೆ ಅದು ಒಣಸೊಪ್ಪಿನಲ್ಲೂ ವರ್ಷಗಟ್ಟಲೆ ಉಳಿಯಬಲ್ಲದು. ಬೀಡಿ ಮುಟ್ಟಿದ ಕೈಯಲ್ಲೇ ಸಸಿ ಕಿತ್ತರೆ, ಕುಡಿ ಚಿವುಟಿದರೆ ರೋಗ ಹರಡೀತು. ಸಾಬೂನು ಹಾಕಿ ಕೈ ತೊಳೆದು ಹೊಲಕ್ಕಿಳಿಯಿರಿ ಎನ್ನುವುದು ಇದಕ್ಕೇ.